ಋಣದ ಕಂತೂ ಒಂದು ನಿಯಮವೇ



ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಯಮವೆಂದೂ ನಿಯಮವೆಂದೂ ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವವಿರುವವರೆಗೂ ಪಾಲಿಸತಕ್ಕುದು ಯಮ. ದಿನ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಎಲ್ಲೆಯನ್ನು ಹಾಕಿಕೊಂಡು ಪಾಲಿಸತಕ್ಕುದು ನಿಯಮ. ಅಷ್ಟಮಿ ಚತುರ್ದಶಿಗಳ ಏಕಭುಕ್ತ, ದಶಲಕ್ಷಣ ಪರ್ವದ ರಸತ್ಯಾಗ ಮೊದಲಾದವು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ನಿಯಮಗಳು. ಈ ಸಲ ಯಾವ ವ್ರತವಿಧಾನದ ಪುಸ್ತಕದಲ್ಲಿಯೂ ಹೆಸರಿಲ್ಲದ ಒಂದು ನಿಯಮವನ್ನು ಕುರಿತು ಬರೆಯಬಯಸುತ್ತೇನೆ. ಸಾಲ ತೀರಿಸಲಾರದೆ ಸುಸ್ತಿದಾರನಾದ ಗೃಹಸ್ಥನು ಲೋಕ ಅದಾಲತ್ತಿನಲ್ಲಿ ರಾಜಿಪತ್ರಕ್ಕೆ ಸಹಿ ಹಾಕಿ, ಇಂತಿಷ್ಟು ವರ್ಷ, ಇಂತಿಷ್ಟು ಕಂತು ಎಂದು ಒಪ್ಪಿಕೊಂಡು ಮನೆಗೆ ಬರುತ್ತಾನೆ. ಆ ಮರುದಿನದಿಂದ ಆ ಮನೆಯವರೆಲ್ಲರೂ ನಡೆಸಬೇಕಾದ ಬಾಳೇ ಆ ನಿಯಮ.

ನಮ್ಮ ಕೋಡಿಂಬಾಳ, ಕಡಬ, ಪುತ್ತೂರು, ಸುಳ್ಯದ ಸೀಮೆಗೆ ಸಾಲ ಹೊಸತಲ್ಲ. ಸಾಲವನ್ನು ಸಾಹುಕಾರನ ಜಗಲಿಯಿಂದ ಸಹಕಾರ ಸಂಘದ ಮೇಜಿಗೆ ತಂದ ಕೀರ್ತಿಯೂ ಈ ಸೀಮೆಯದೇ. ಮೊಳಹಳ್ಳಿ ಶಿವರಾಯರು ದುಡಿದದ್ದು ಪುತ್ತೂರಿನಲ್ಲಿ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಸಂಘದಿಂದ ತಂದ ಹಣದಲ್ಲಿ ನೆರೆಮನೆಯ ವಿಧವೆಯ ಠೇವಣಿಯೂ ಹಾಲು ಮಾರುವವನ ಉಳಿತಾಯವೂ ಸೇರಿರುತ್ತವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದು. ಒಬ್ಬನು ತಾನಿಟ್ಟ ಹಣದ ಲೆಕ್ಕ ಮರೆತು ಕಡಿಮೆ ಕೇಳಿದರೆ, 'ಹೌದು, ಅಷ್ಟೇ' ಎಂದು ಕೊಟ್ಟು ಸುಮ್ಮನಾಗುವುದು ಅದರ ಲಕ್ಷಣ. ಕೇಳುವವನು ಎದುರಿಗಿಲ್ಲವೆಂದು ಸಂಘದ ಸಾಲವನ್ನು ಹಗುರವಾಗಿ ಕಾಣುವವನು ಈ ಅತಿಚಾರದ ಹೊಸ್ತಿಲಲ್ಲಿಯೇ ನಿಂತಿದ್ದಾನೆ.

ನಮ್ಮ ಸಮಾಜದ ಮನೆಗಳಿಗೆ ಇನ್ನೊಂದು ತೊಡಕಿದೆ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಗಿ, ಕ್ರಮೇಣ ಉಳುವವರ ಕೈ ಸೇರಿತು. ನ್ಯಾಯವೇ ಆಯಿತೆಂದು ನನ್ನ ಮತ. ಇದನ್ನು ಒಪ್ಪದ ಹಿರಿಯರೂ ಇದ್ದಾರೆ. ಭೂಮಿ ಹೋದರೂ ಮನೆಯ ಚಾವಡಿ ಚಿಕ್ಕದಾಗಲಿಲ್ಲ. ಮದುವೆಗೆ ಕರೆಯುವ ಜನ, ಹಬ್ಬಕ್ಕೆ ತೆಗೆಯುವ ಬಟ್ಟೆ, ಬಸದಿಯಲ್ಲಿ ಕೂಗುವ ಸವಾಲು, ಎಲ್ಲವೂ ಗೇಣಿಯ ಅಕ್ಕಿ ಅಂಗಳಕ್ಕೆ ಬರುತ್ತಿದ್ದ ಕಾಲದ ಅಳತೆಯಲ್ಲಿಯೇ ಉಳಿದವು. ಎರಡೆಕರೆ ಅಡಕೆಯ ತೋಟದಿಂದ ಆ ಅಳತೆಯನ್ನು ತುಂಬಲು ಹೊರಟಾಗ ಸಾಲವಾಗದೆ ಇನ್ನೇನಾದೀತು?

ಅಂತಹ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಅಸಲು ಬಡ್ಡಿ ಬೆಳೆದು ಕೊನೆಗೆ ಅದಾಲತ್ತಿನಲ್ಲಿ 4,80,000 ರೂಪಾಯಿಗೆ ರಾಜಿಯಾಯಿತು. ನಾಲ್ಕು ವರ್ಷ, ಎಂಟು ಕಂತು, ಕಂತಿಗೆ 60,000. ಚಾಲಿ ಅಡಕೆ ಅಂಗಳದಲ್ಲಿ ಒಣಗಿ ಮಾರಾಟಕ್ಕೆ ಸಿದ್ಧವಾಗುವ ಕಾಲವನ್ನು ನೋಡಿ ಡಿಸೆಂಬರಿನಲ್ಲೊಂದು, ಜೂನಿನಲ್ಲೊಂದು. ಇದನ್ನು ಮೊದಲೇ ಕೇಳಿ ಬರೆಸಿಕೊಂಡದ್ದು ಜಾಣತನ. ವರ್ಷಕ್ಕೊಮ್ಮೆ ಫಸಲು ಕಾಣುವವನು ತಿಂಗಳ ಕಂತಿಗೆ ಒಪ್ಪಿದರೆ ಮೂರನೆಯ ತಿಂಗಳಿಗೇ ತಪ್ಪುತ್ತಾನೆ. ಲೋಕ ಅದಾಲತ್ತಿನ ತೀರ್ಮಾನವನ್ನು ಕೆಲವರು ಪಂಚಾಯಿತಿಯ ಮಾತಿನಂತೆ ಎಣಿಸುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಕಂತು ತಪ್ಪಿದರೆ ರಿಯಾಯಿತಿ ರದ್ದಾಗಿ ಪೂರ್ತಿ ಬಾಕಿ ವಸೂಲಿಗೆ ಬರುವುದೆಂಬ ಷರತ್ತೂ ಇಂತಹ ಪತ್ರಗಳಲ್ಲಿ ಸಾಮಾನ್ಯ. ಆಗ ಮೊದಲು ಪೆಟ್ಟು ತಿನ್ನುವವನು ಜಾಮೀನು ನಿಂತ ಭಾವನೋ ನೆರೆಯವನೋ ಆಗಿರುತ್ತಾನೆ. ನಮ್ಮನ್ನು ನಂಬಿ ಸಹಿ ಹಾಕಿದವನ ಮನೆಗೆ ನೋಟೀಸು ಹೋಗುವಂತೆ ಮಾಡುವುದು ಅಹಿಂಸಾಣುವ್ರತಿಗೆ ತಕ್ಕ ನಡತೆಯಲ್ಲ.

ಕರ್ಮಸಿದ್ಧಾಂತವನ್ನು ಓದಿದವರು ಈ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಆಸ್ರವ ನಿಲ್ಲದೆ ನಿರ್ಜರೆಯಿಂದ ಪಾರಾಗಲಾಗದು. ಆದುದರಿಂದಲೇ ತತ್ತ್ವಗಳ ಎಣಿಕೆಯಲ್ಲಿ ಸಂವರ ಮೊದಲು, ನಿರ್ಜರೆ ಅನಂತರ. ಮಳೆಗಾಲದ ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿದ ಹಿರಿಯರಿಗೆ ಗೊತ್ತು: ತೂತನ್ನು ಮುಚ್ಚದೆ ನೀರು ಮೊಗೆಯುತ್ತ ಕುಳಿತವನ ತೋಳು ಸೋಲುತ್ತದೆಯೇ ಹೊರತು ದೋಣಿ ಹಗುರವಾಗುವುದಿಲ್ಲ. ಡಿಸೆಂಬರಿನ ಕಂತು ಕಟ್ಟಲು ಹೆಂಡತಿಯ ಬಳೆಯನ್ನು ಇನ್ನೊಂದು ಬ್ಯಾಂಕಿನಲ್ಲಿ ಅಡವಿಡುವುದು, ಅದನ್ನು ಬಿಡಿಸಲು ವಾರದ ಕಂತಿನ ಕಿರುಸಾಲಕ್ಕೆ ಸೇರುವುದು, ಮಗನಿಗೆ ಕಂತಿನ ಮೇಲೆ ಮೊಬೈಲು ಕೊಡಿಸುವುದು, ಇವು ಮೊಗೆದಷ್ಟೂ ಒಳಗೆ ಬರುವ ನೀರು. ನಾಲ್ಕು ವರ್ಷ ಹೊಸ ಸಾಲ ಮಾಡುವುದಿಲ್ಲವೆಂಬ ಸಂಕಲ್ಪವೇ ಈ ನಿಯಮದ ಮೊದಲ ಅಂಗ. ಉಪಮಾನವನ್ನು ಅತಿಯಾಗಿ ಎಳೆಯಬಾರದೆಂಬುದನ್ನೂ ಹೇಳಿಬಿಡುತ್ತೇನೆ. ಕರ್ಮಕ್ಕೆ ಲೋಕ ಅದಾಲತ್ತಿಲ್ಲ, ಬಡ್ಡಿಯ ರಿಯಾಯಿತಿಯೂ ಇಲ್ಲ.

ಎರಡನೆಯ ಅಂಗ ಮಿತವ್ಯಯ. ಇಲ್ಲಿ ಬಹಳ ಮಂದಿ ಉತ್ಸಾಹದಿಂದಲೇ ಕೆಡುತ್ತಾರೆ. ಮೊದಲ ತಿಂಗಳು ಎಲ್ಲವನ್ನೂ ಬಿಡುವುದು, ನಾಲ್ಕನೆಯ ತಿಂಗಳು ಬೇಸತ್ತು ಎಲ್ಲವನ್ನೂ ಹಿಡಿಯುವುದು. ಷೋಡಶ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಎಂದು ಹೇಳಿರುವುದನ್ನು ನೆನೆಯಿರಿ. ಬಾಹ್ಯ ತಪಸ್ಸುಗಳಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವಿದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಲೆಕ್ಕ; ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ಅದು ಅವಮೌದರ್ಯವೇ. ನಾಲ್ಕು ವರ್ಷದ ನಿಯಮಕ್ಕೆ ಬೇಕಾದದ್ದು ಈ ಒಂದು ತುತ್ತಿನ ತಪಸ್ಸು. ಕಂತಿಗೆ 60,000 ಎಂದರೆ ತಿಂಗಳಿಗೆ 10,000. ಅಡಕೆ ಮಾರಿದ ದಿನವೇ ಅಷ್ಟನ್ನು ಬೇರೆ ಖಾತೆಯಲ್ಲಿಟ್ಟು, ಉಳಿದುದರಲ್ಲಿ ಮನೆ ನಡೆಸುವ ಅಭ್ಯಾಸವಾಗಬೇಕು. ಉಳಿದುದನ್ನು ಕಂತಿಗೆ ಕೊಡುತ್ತೇನೆಂದು ಹೊರಟವನಿಗೆ ಉಳಿಯುವುದೇ ಇಲ್ಲ.

ಎಲ್ಲಿ ಕಡಿಮೆ ಮಾಡಬಾರದೆಂಬ ವಿವೇಕವೂ ಬೇಕು. ಮೈಲುತುತ್ತು ದುಬಾರಿಯಾಯಿತು, ಸಿಂಪಡಿಸುವ ಆಳಿನ ಸಂಬಳ ಹೆಚ್ಚಾಯಿತು ಎಂದು ಮಳೆಗಾಲದ ಬೋರ್ಡೋ ದ್ರಾವಣವನ್ನು ತಪ್ಪಿಸಿದರೆ ಕೊಳೆರೋಗ ಬಂದು ಎಳೆಯ ಕಾಯಿಗಳು ಬುಡದಲ್ಲಿ ಬೀಳುತ್ತವೆ. ಅವುಗಳೊಂದಿಗೆ ಡಿಸೆಂಬರಿನ ಕಂತೂ ಬೀಳುತ್ತದೆ. ಮಕ್ಕಳ ಶಾಲೆಯ ಶುಲ್ಕ, ವೃದ್ಧರ ಔಷಧಿ ಇವುಗಳ ವಿಷಯವೂ ಹಾಗೆಯೇ.

ಈಗ ನನಗೆ ಮುಖ್ಯವೆಂದು ತೋರುವ ಮಾತಿಗೆ ಬರುತ್ತೇನೆ. ಮನೆಯಲ್ಲಿ ತುಪ್ಪ ತರುವುದು ನಿಂತಿತೆನ್ನಿ. ಯಜಮಾನನು ಕಾರಣವನ್ನು ಹೇಳಲಿಲ್ಲ. ಹೆಂಡತಿ ಮಕ್ಕಳು ತುಪ್ಪವಿಲ್ಲದೆ ಉಣ್ಣುತ್ತಾರೆ, ಒಳಗೊಳಗೇ ಕುದಿಯುತ್ತಾರೆ. ಪಕ್ಕದ ಮನೆಯಲ್ಲಿ ಅಷ್ಟೇ ಆದಾಯ, ಅಷ್ಟೇ ಸಾಲ. ಅಲ್ಲಿ ಎಲ್ಲರನ್ನೂ ಕೂರಿಸಿ ರಾಜಿಪತ್ರವನ್ನು ಓದಿ ಹೇಳಿದ್ದಾರೆ, ನಾಲ್ಕು ವರ್ಷ ಇಂತಿಂಥದು ಬೇಡವೆಂದು ಎಲ್ಲರೂ ಸೇರಿ ನಿಶ್ಚಯಿಸಿದ್ದಾರೆ. ಎರಡೂ ಮನೆಯ ತಟ್ಟೆ ಒಂದೇ ತರಹದ್ದು. ಶಾಸ್ತ್ರದೃಷ್ಟಿಯಿಂದ ಅಂತರ ಬಹಳವಿದೆ. ಪರವಶನಾಗಿ, ಬೇರೆ ದಾರಿಯಿಲ್ಲದೆ ಹಸಿವು ಬಾಯಾರಿಕೆಗಳನ್ನು ಸಹಿಸುವುದು ಅಕಾಮ ನಿರ್ಜರೆ; ಅದರ ಫಲ ಅಲ್ಪ. ತಿಳಿದು, ಮನಸಾರೆ ಒಪ್ಪಿ ಬಿಟ್ಟದ್ದು ತ್ಯಾಗ, ತಪಸ್ಸು. ಮೊದಲ ಮನೆಯಲ್ಲಿ ನಡೆದದ್ದು ಕೊರತೆ, ಎರಡನೆಯ ಮನೆಯಲ್ಲಿ ನಡೆದದ್ದು ರಸಪರಿತ್ಯಾಗ. ಯಜಮಾನನು ಮರ್ಯಾದೆಗೆ ಅಂಜಿ ಸಾಲವನ್ನು ಮುಚ್ಚಿಟ್ಟನೆಂದರೆ ಮನೆಯವರ ಪಾಲಿನ ತಪಸ್ಸನ್ನೇ ಕದ್ದಂತಾಯಿತು.

ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಆಲೋಚನೆಗೆ ಮೊದಲ ಸ್ಥಾನ. ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ಅದು. ಸಾಲದ ವಿಷಯದಲ್ಲಿ ಮನೆಯವರ ಮುಂದೆಯೂ ಸಂಘದ ಕಾರ್ಯದರ್ಶಿಯ ಮುಂದೆಯೂ ಅದೇ ಭಾವ ಬೇಕು. ಫಸಲು ಕೈಕೊಟ್ಟ ವರ್ಷ ಜೂನಿನ ದಿನ ಕಳೆದ ಮೇಲೆ ಹೋಗಿ ತಲೆ ತುರಿಸಿಕೊಳ್ಳುವುದಕ್ಕಿಂತ, ಏಪ್ರಿಲಿನಲ್ಲಿಯೇ ಹೋಗಿ ಸ್ಥಿತಿಯನ್ನು ತಿಳಿಸಿ, ಲಿಖಿತವಾಗಿ ಕಾಲಾವಕಾಶ ಕೇಳುವವನಿಗೆ ದಾರಿ ಸಿಕ್ಕುವ ಸಂಭವ ಹೆಚ್ಚು. ಇನ್ನೊಂದು ಸೂಕ್ಷ್ಮವನ್ನು ಗೃಹಿಣಿಯರ ಪರವಾಗಿ ಹೇಳಬೇಕು. ಕೊನೆಗೆ ಉಣ್ಣುವವಳ ತಟ್ಟೆಯಿಂದಲೇ ಮಿತವ್ಯಯ ಆರಂಭವಾಗುವ ಮನೆಗಳಿವೆ. ಅವಳ ಉಪವಾಸಗಳು ಹೆಚ್ಚಿದವೆಂದರೆ ಅದು ವ್ರತವೋ ಅನ್ನದ ಪಾತ್ರೆ ಬರಿದಾದದ್ದೋ ಎಂದು ಗಂಡಸರು ನೋಡಬೇಕು.

ಇನ್ನು ನೋಂಪಿಯ ಮಾತು. ಅತ್ತೆಯವರು ಹದಿನಾಲ್ಕು ವರ್ಷ ಅನಂತನ ನೋಂಪಿಯನ್ನು ನಡೆಸಿದ್ದಾರೆ. ಈ ಭಾದ್ರಪದ ಶುಕ್ಲ ಚತುರ್ದಶಿಗೆ ಉದ್ಯಾಪನೆಯಾಗಬೇಕು. ಹದಿನಾಲ್ಕರ ಲೆಕ್ಕದಲ್ಲಿ ಬಸದಿಗೆ ಉಪಕರಣ, ಶಾಸ್ತ್ರದಾನ, ಬಂಧುಗಳಿಗೆ ಊಟ. ಸೊಸೆಯ ಕೈಯಲ್ಲಿ ಇರುವುದು ಡಿಸೆಂಬರಿನ ಕಂತಿಗೆಂದು ಕೂಡಿಟ್ಟ ಹಣ. 'ಅತ್ತೆ, ಈ ವರ್ಷ ಆಗದು' ಎನ್ನಲು ಅವಳಿಗೆ ನಾಲಿಗೆ ಬಾರದು. 'ನಾನು ಇನ್ನೆಷ್ಟು ದಿನ ಇದ್ದೇನಮ್ಮ' ಎಂದು ಅವರು ಕೇಳಿದರೆ ಉತ್ತರವೂ ಇಲ್ಲ. ಧರ್ಮಕ್ಕಾಗಿ ಮಾಡಿದ ಸಾಲ ಸಾಲವಲ್ಲ ಎಂದು ಯಾರೋ ನೆಂಟರು ಹೇಳುತ್ತಾರೆ. ಕಂತು ಹೋಗುವುದು ಇಂತಹ ಘಳಿಗೆಯಲ್ಲಿಯೇ.

ಈ ಸಂಕಟವನ್ನು ನಮ್ಮ ವ್ರತಕಥೆಗಳನ್ನು ಕಟ್ಟಿದ ಹಿರಿಯರು ಮೊದಲೇ ಕಂಡಿದ್ದರು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನೇ ಇಮ್ಮಡಿ ಮಾಡಬೇಕೆಂದು ಅವರು ವಿಧಿಸಿದ್ದಾರೆ. ಸಾಲ ಮಾಡಿಯಾದರೂ ಉದ್ಯಾಪನೆ ಮಾಡಿರೆಂದು ಹೇಳಲಿಲ್ಲ. ಹಣವಿಲ್ಲದವನ ವ್ರತ ಅಪೂರ್ಣವೆನ್ನದೆ, ಹಣದ ಸ್ಥಾನದಲ್ಲಿ ಕಾಲವನ್ನೂ ಸಂಯಮವನ್ನೂ ಇಟ್ಟರು. ಎಪ್ಪತ್ತು ದಾಟಿದವರು ಇನ್ನೂ ಹದಿನಾಲ್ಕು ವರ್ಷ ಹೇಗೆ ಮಾಡಿಯಾರು ಎಂಬ ಪ್ರಶ್ನೆ ಸಹಜ. ಇಮ್ಮಡಿಯ ಸಂಕಲ್ಪವನ್ನು ತೊಟ್ಟು, ಉಪವಾಸಕ್ಕೆ ದೇಹ ಒಗ್ಗದಿದ್ದರೆ ಏಕಭುಕ್ತದಿಂದಾದರೂ ಆಯುಷ್ಯವಿರುವವರೆಗೆ ನಡೆಸಿದರೆ, ಉಳಿದ ವರ್ಷಗಳ ಬಾಕಿ ಆ ಜೀವಕ್ಕೆ ಅಂಟದೆಂದು ನಾನು ತಿಳಿದಿದ್ದೇನೆ. ಸಂದೇಹವುಳ್ಳವರು ಮುನಿಗಳನ್ನೋ ಮಠದ ಭಟ್ಟಾರಕ ಸ್ವಾಮಿಗಳನ್ನೋ ಕೇಳಿ ತಿಳಿಯಬಹುದು.

ದಾನದ ವಿಷಯವೂ ಇದೇ. ತತ್ತ್ವಾರ್ಥಸೂತ್ರದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ತನ್ನದಾದ ವಸ್ತು ಎಂಬ ವಿಶೇಷಣವನ್ನು ಬಿಡಲಿಲ್ಲ. ಡಿಕ್ರಿಯ ಕೆಳಗಿರುವ ಹಣ ನಮ್ಮದಲ್ಲ. 2024ರಲ್ಲಿ ವೇಣೂರಿನ ಬಾಹುಬಲಿ ಸ್ವಾಮಿಗೆ ಮಸ್ತಕಾಭಿಷೇಕವಾದಾಗ ಕಲಶವನ್ನು ಹಿಡಿದವರೂ ಇದ್ದರು, ಕೆಳಗೆ ಕೈಮುಗಿದು ನಿಂತವರೂ ಇದ್ದರು. ಕೃತ, ಕಾರಿತ, ಅನುಮೋದನ ಮೂರೂ ಪುಣ್ಯಕ್ಕೆ ದಾರಿಯೆಂದ ಧರ್ಮದಲ್ಲಿ ಕೆಳಗೆ ನಿಂತವನು ನಾಚಿಕೊಳ್ಳಬೇಕಾಗಿಲ್ಲ.

ಹೇಳಲು ಕಷ್ಟವಾದರೂ ಹೇಳದೆ ಬಿಡಬಾರದ ಮಾತೊಂದಿದೆ. ಸಾಲದ ಅಪಮಾನಕ್ಕೆ ಅಂಜಿ ಪ್ರಾಣವನ್ನೇ ಬಿಟ್ಟ ಕೃಷಿಕರ ಸುದ್ದಿಯನ್ನು ನಮ್ಮ ನಾಡಿನಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಜೈನರಲ್ಲಿ ದೇಹತ್ಯಾಗಕ್ಕೆ ಒಪ್ಪಿಗೆಯಿದೆಯೆಂದು ಅರ್ಧ ತಿಳಿದವರು ಆಡುವುದುಂಟು. ಸಲ್ಲೇಖನೆಗೆ ಆಚಾರ್ಯರು ಹೇಳಿದ ಕಾರಣಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅವೂ ಪ್ರತೀಕಾರವಿಲ್ಲದವುಗಳಾದರೆ ಮಾತ್ರ. ಸಾಲಕ್ಕೆ ಪ್ರತೀಕಾರವುಂಟು: ಕಂತುಂಟು, ಕಾಲಾವಕಾಶವುಂಟು, ನ್ಯಾಯಾಲಯವುಂಟು. ಕಿರುಸಾಲದವರು ಮನೆಬಾಗಿಲಿಗೆ ಬಂದು ಬಲಾತ್ಕರಿಸುವುದನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂದಿದೆ. ಅಂಜಿಕೆಯಿಂದ ಮಾಡಿಕೊಂಡದ್ದು ಆತ್ಮಘಾತ, ಅದು ಹಿಂಸೆ. ಮನೆಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿ, ರಾತ್ರಿ ನಿದ್ದೆಯಿಲ್ಲದೆ ಅಂಗಳದಲ್ಲಿ ಅಡ್ಡಾಡುತ್ತಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿರಿ. ಪಕ್ಕದಲ್ಲಿ ಕುಳಿತು ಕೇಳಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸಾಲಮನ್ನಾದ ಬಗ್ಗೆ ಕೇಳುವವರಿದ್ದಾರೆ. 1976ರಲ್ಲಿ ದೇವರಾಜ ಅರಸರ ಕಾಲದ ಋಣಪರಿಹಾರ ಕಾನೂನಿನಿಂದ ಬಡವರು ಸಾಹುಕಾರರ ಹಿಡಿತದಿಂದ ಬಿಡಿಸಿಕೊಂಡದ್ದುಂಟು. 2018ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 1 ಲಕ್ಷದವರೆಗೆ ಮನ್ನಾ ಘೋಷಣೆಯಾದದ್ದೂ ಉಂಟು. ಕಾನೂನಿನಂತೆ ಅರ್ಹನಾದವನು ಅದನ್ನು ಪಡೆಯುವುದು ಅದತ್ತಾದಾನವಲ್ಲ. ಕೊಟ್ಟದ್ದನ್ನೇ ಅವನು ಪಡೆದದ್ದು. ಮುಂದಿನ ಚುನಾವಣೆಗೆ ಇನ್ನೊಂದು ಮನ್ನಾ ಬಂದೀತೆಂದು ಕೈಯಲ್ಲಿರುವ ಕಂತನ್ನು ತಡೆಹಿಡಿಯುವವನ ಮಾತು ಬೇರೆ. ಬಂದರೂ ಅದು ಅದಾಲತ್ತಿನಲ್ಲಿ ರಾಜಿಯಾದ ಸಾಲಕ್ಕೆ ಅನ್ವಯಿಸುವುದೆಂಬ ಭರವಸೆಯಿಲ್ಲ. ತಪ್ಪಿದ ಕಂತಿನ ಫಲ ಮಾತ್ರ ಖಂಡಿತ.

ನಾಲ್ಕು ವರ್ಷ ಕಳೆದು ಎಂಟನೆಯ ಕಂತನ್ನು ಕಟ್ಟಿದ ದಿನ ಈ ನಿಯಮಕ್ಕೂ ಒಂದು ಉದ್ಯಾಪನೆಯಿದೆ. ಅದಕ್ಕೆ ಖರ್ಚು ಅಲ್ಪ, ಓಡಾಟ ಮಾತ್ರ ಸ್ವಲ್ಪ ಹೆಚ್ಚು. ಎಂಟು ರಸೀದಿಗಳನ್ನು ಒಟ್ಟಿಗೆ ಹೊಲಿದಿಡಿರಿ. ಸಂಘದಿಂದ ಬಾಕಿಯಿಲ್ಲವೆಂಬ ಪತ್ರವನ್ನು ಮೊಹರಿನೊಂದಿಗೆ ಪಡೆದು, ಅಡವಿಟ್ಟ ದಾಖಲೆಗಳನ್ನು ಎಣಿಸಿ ಹಿಂದಕ್ಕೆ ತೆಗೆದುಕೊಳ್ಳಿರಿ. ಜಾಮೀನು ನಿಂತವರಿಗೆ ಪತ್ರದ ಒಂದು ಪ್ರತಿಯನ್ನು ನೀವೇ ಕೊಂಡುಹೋಗಿ ಕೊಡಿರಿ. ಆಮೇಲೆ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು, ಪಹಣಿಯ 11ನೆಯ ಕಲಮಿನಲ್ಲಿರುವ ಋಣದ ನಮೂದನ್ನು ತೆಗೆಸಿ, ಹೊಸ ಪಹಣಿಯ ಪ್ರತಿಯನ್ನು ಮನೆಯವರೆಲ್ಲರಿಗೂ ಓದಿ ತೋರಿಸಿರಿ.