ಉಳಿಸಿದ ಗಳಿಗೆ ಯಾರದು?

ಸಮಯದ ಸದುಪಯೋಗವನ್ನು ಕುರಿತು ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಘದ ಕಿರಿಯ ಮಿತ್ರರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಶಾಲೆಯ ಗಂಟೆಯ ನಾದಕ್ಕೆ ಮೂರು ದಶಕಗಳಿಗೂ ಮಿಕ್ಕಿ ಬದುಕನ್ನು ಹೊಂದಿಸಿಕೊಂಡಿದ್ದವನಿಗೆ ಇದಕ್ಕಿಂತ ಸುಲಭವಾದ ವಿಷಯ ಯಾವುದಿದ್ದೀತು? ಆದರೆ ಬರೆಯಲು ಕುಳಿತಾಗ ಒಂದು ಹಳೆಯ ದಿನ ನೆನಪಿಗೆ ಬಂದು ಲೇಖನಿ ತಡೆಯಿತು. ಆ ದಿನದ ಸಂಗತಿಯನ್ನು ಹೇಳದೆ ಈ ವಿಷಯವಾಗಿ ಉಪದೇಶ ಮಾಡುವ ಅಧಿಕಾರ ನನಗಿಲ್ಲವೆಂದು ತೋರಿತು.

ಅದಕ್ಕೆ ಮುನ್ನ ಕಾಲವನ್ನು ನಾವು ಅಳೆದ ಬಗೆಯನ್ನು ಸ್ವಲ್ಪ ನೋಡೋಣ. ನಮ್ಮ ಹಿರಿಯರು ಒಂದು ಹಗಲಿರುಳನ್ನು 60 ಗಳಿಗೆಗಳಾಗಿ ಎಣಿಸುತ್ತಿದ್ದರು. ಒಂದು ಗಳಿಗೆಯೆಂದರೆ ಇಂದಿನ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವರು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ ಕಳೆಯಿತೆಂದು ಲೆಕ್ಕ. ಮದುವೆಯ ಮನೆಯಲ್ಲಿ ಬಟ್ಟಲು ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು. ಮುಂದೆ 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿ ತಲೆಯೆತ್ತಿತು. ಕ್ರಮೇಣ ಗಿರಣಿಗಳ ಭೋಂಗಾ ಕೇಳಿ ಒಲೆ ಹೊತ್ತಿಸುವುದು, ಬುತ್ತಿ ಕಟ್ಟುವುದು ಮನೆಮನೆಯ ರೂಢಿಯಾಯಿತು. ಈಗ ದೇಶಕ್ಕೆಲ್ಲ ಒಂದೇ ಗಡಿಯಾರ. ಭಾರತೀಯ ಪ್ರಮಾಣ ಕಾಲವನ್ನು ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಸಿದ್ದಾರೆ. ನಮ್ಮ ಸೊಲ್ಲಾಪುರ ಸೀಮೆ ಅದಕ್ಕಿಂತ ಆರೂವರೆ ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಆದಕಾರಣ ಕೈಗಡಿಯಾರ 12 ತೋರಿಸಿದಾಗ ನಮ್ಮೂರ ಸೂರ್ಯ ನಡುನೆತ್ತಿಗೆ ಬರಲು ಸರಾಸರಿ ಇನ್ನೂ 26 ನಿಮಿಷ, ಅಂದರೆ ಸುಮಾರು ಒಂದು ಗಳಿಗೆ, ಬೇಕು. ಸೂರ್ಯನಿಗೂ ನಮಗೂ ಇರುವ ಈ ಅಂತರವನ್ನು ನಾವು ತಕರಾರಿಲ್ಲದೆ ಒಪ್ಪಿಕೊಂಡಿದ್ದೇವೆ. ಏಕೆಂದರೆ ಗಡಿಯಾರವೆಂಬುದು ಜನರು ಪರಸ್ಪರ ಮಾಡಿಕೊಂಡ ಒಂದು ಒಡಂಬಡಿಕೆ. ಒಬ್ಬನೇ ಇರುವ ದ್ವೀಪದಲ್ಲಿ ಹತ್ತು ಗಂಟೆಗೆ ಅರ್ಥವಿಲ್ಲ. ಇನ್ನೊಬ್ಬನು ನನಗಾಗಿ ಕಾಯುವನೆಂಬಲ್ಲಿ ಮಾತ್ರ ಅದಕ್ಕೆ ಅರ್ಥ.

ಈ ಮಾತನ್ನು ನಾನು ಬಹಳ ತಡವಾಗಿ ಕಲಿತೆ. ಗಡಿಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯ ಮುಖ್ಯಾಧ್ಯಾಪಕನಾಗಿದ್ದಾಗ ನನ್ನ ದಿನಚರಿ ಅಚ್ಚುಕಟ್ಟಾಗಿತ್ತು. ಪ್ರಾರ್ಥನೆಯಾದ ಕೂಡಲೇ ಪತ್ರವ್ಯವಹಾರ, ಬಳಿಕ ತರಗತಿಗಳ ವೀಕ್ಷಣೆ, ಮಧ್ಯಾಹ್ನ ನನ್ನ ಪಾಠ, ನಾಲ್ಕರಿಂದ ನಾಲ್ಕೂವರೆಯವರೆಗೆ ಮಾತ್ರ ಪಾಲಕರ ಭೇಟಿ. ಉತ್ತರ ಪತ್ರಿಕೆಗಳನ್ನು ದಿನಕ್ಕೆ ಇಷ್ಟೆಂದು ಹಂಚಿಕೊಂಡು ತಿದ್ದುತ್ತಿದ್ದೆ. ಮನಸ್ಸಿಗೆ ಒಗ್ಗದ ಕೆಲಸವನ್ನು ಬೆಳಗ್ಗೆಯೇ ಮುಗಿಸುತ್ತಿದ್ದೆ. ಇವು ಒಳ್ಳೆಯ ರೂಢಿಗಳೆಂದು ಇಂದಿಗೂ ಹೇಳುವೆ. ಮೇಲಧಿಕಾರಿಗಳು ಮೆಚ್ಚಿದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಒಂದು ಜೂನ್ ತಿಂಗಳಲ್ಲಿ ಹೊಲದ ಕೂಲಿ ಮಾಡುವ ತಾಯಿಯೊಬ್ಬಳು ಮಗನ ಶಾಲೆ ಬಿಟ್ಟ ದಾಖಲೆಗಾಗಿ ಬಂದಳು. ಬಂದಾಗ ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಸಿಪಾಯಿ ನನ್ನ ನಿಯಮವನ್ನು ತಿಳಿಸಿ ಬೇವಿನ ಮರದ ಕೆಳಗೆ ಕೂರಿಸಿದ. ಆಕೆಯನ್ನು ನಾನು ಆ ದಿನ ಎರಡು ಸಲ ಕಂಡೆ. ಭೇಟಿಯ ವೇಳೆಯಲ್ಲವೆಂದು ಮುಂದೆ ನಡೆದೆ. ನಾಲ್ಕಕ್ಕೆ ಒಳಗೆ ಕರೆಸಿ, ದಾಖಲೆ ತುಂಬಿಸಿ, ಸಹಿ ಮಾಡಿ, ಮುದ್ರೆ ಒತ್ತಿ ಕೊಟ್ಟೆ. ಐದು ನಿಮಿಷವೂ ಹಿಡಿಯಲಿಲ್ಲ. ಆಕೆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಮಾಸ್ತರ್ರ, ಇವತ್ತಿನ ಕೂಲಿ ಹೋದ್ರ ಹೋಗ್ಲಿ. ನಾಳೆ ಬಾ ಅನ್ನಲಿಲ್ಲಲ್ಲ, ನಿಮಗ ಪುಣ್ಯ ಬರ್ಲಿ” ಎಂದು ಕೈಮುಗಿದು ಹೋದಳು.

ಅವಳು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಹರಸಿದ್ದರಿಂದ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಉಳಿಸಿಕೊಂಡದ್ದು ಐದು ನಿಮಿಷ. ಆಕೆ ತೆತ್ತದ್ದು ಇಡೀ ಒಂದು ದಿನ. ನನ್ನ ವೇಳಾಪಟ್ಟಿಯಲ್ಲಿ ಆ ದಿನದ ಎಲ್ಲ ಕೆಲಸಗಳ ಮುಂದೆಯೂ ಮುಗಿಯಿತೆಂಬ ಗುರುತು ಬಿದ್ದಿತ್ತು. ಆಕೆ ಕಳೆದುಕೊಂಡ ಕೂಲಿಯನ್ನು ಬರೆಯಲು ಅದರಲ್ಲಿ ಅಂಕಣವೇ ಇರಲಿಲ್ಲ. ಅಷ್ಟು ವರ್ಷಗಳಿಂದ ನಾನು ಸಮಯವನ್ನು ಉಳಿಸುತ್ತಿದ್ದೆನೋ, ಅಥವಾ ನನ್ನ ಭಾರವನ್ನು ಪ್ರಶ್ನಿಸಲಾರದವರ ತಲೆಯ ಮೇಲೆ ಇಳಿಸುತ್ತಿದ್ದೆನೋ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಂದವರನ್ನೆಲ್ಲ ಬಂದ ಗಳಿಗೆಯಲ್ಲೇ ಕಂಡರೆ ಶಾಲೆ ನಡೆಯುವುದು ಹೇಗೆ? ತರಗತಿಯ ಮಕ್ಕಳ ಹೊತ್ತೂ ಹೊತ್ತಲ್ಲವೆ? ನಿಜ. ಕಟ್ಟುಪಾಡಿಲ್ಲದ ಔದಾರ್ಯದಿಂದಲೂ ಅನ್ಯಾಯವಾಗುತ್ತದೆ. ಎದುರಿಗಿದ್ದವನಿಗೆ ದಾಕ್ಷಿಣ್ಯ ತೋರಿ ಎದುರಿಗಿಲ್ಲದ ನಲವತ್ತು ಮಕ್ಕಳನ್ನು ಕಾಯಿಸಿದಂತಾಗುತ್ತದೆ. ಆದ್ದರಿಂದ ನಾನು ವೇಳಾಪಟ್ಟಿಯನ್ನು ಹರಿದುಹಾಕಲಿಲ್ಲ, ತಿದ್ದಿದೆ. ಭೇಟಿಯ ವೇಳೆಯನ್ನು ಕೂಲಿಗೆ ಹೋಗುವವರ ಅನುಕೂಲಕ್ಕೆಂದು ಬೆಳಗ್ಗೆ ಶಾಲೆ ಆರಂಭವಾಗುವ ಮುಂಚಿನ ಅರ್ಧ ಗಂಟೆಗೆ ತಂದೆ. ಕೊನೆಯ ತರಗತಿಯ ಮಕ್ಕಳ ದಾಖಲೆಗಳನ್ನು ಫಲಿತಾಂಶದ ದಿನವೇ ಕೈಗೆ ಕೊಡುವಂತೆ ಮೊದಲೇ ಬರೆಸಿಟ್ಟೆ. ಸಹಿಗಾಗಿ ಯಾರೂ ಎರಡನೆಯ ಸಲ ಬರಬಾರದೆಂದು ಗುಮಾಸ್ತರಿಗೆ ಹೇಳಿದೆ. ವಿಚಿತ್ರವೆಂದರೆ ಇದರಿಂದ ನನ್ನ ಕೆಲಸವೂ ಹಗುರಾಯಿತು.

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅವರ ಕಲ್ಯಾಣ ನಮ್ಮ ಈ ಸೀಮೆಗೆ ದೂರದ್ದೂ ಅಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನನ್ನು ಲಕ್ಕಮ್ಮ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದಳು. ಇನ್ನೊಮ್ಮೆ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದಳು. ಈ ಎರಡು ಪ್ರಸಂಗಗಳನ್ನು ನಾವು ಬೇರೆ ಬೇರೆಯಾಗಿ ಹೇಳುತ್ತೇವೆ. ಒಟ್ಟಿಗೆ ಇಟ್ಟು ನೋಡಿದರೆ ಸಮಯದ ನೀತಿಯೂ ಅಲ್ಲಿ ಕಾಣುತ್ತದೆ. ಹೊತ್ತನ್ನು ಪೋಲು ಮಾಡಬಾರದು. ಹಾಗೆಯೇ ಇನ್ನೊಬ್ಬರ ಪಾಲಿನದನ್ನೂ ಸೇರಿಸಿ ರಾಶಿ ಹಾಕಿಕೊಳ್ಳಬಾರದು. ಇಂದಿನ ಸಮಯ ನಿರ್ವಹಣೆಯ ಪುಸ್ತಕಗಳು ಹೆಚ್ಚಾಗಿ ಮೊದಲನೆಯ ಪಾಠವನ್ನು ಕಲಿಸಿ ಎರಡನೆಯದನ್ನು ಬಿಟ್ಟುಬಿಡುತ್ತವೆ.

ನಿವೃತ್ತನಾದ ಮೇಲೆ ಇನ್ನೊಂದು ಸತ್ಯ ತಿಳಿಯಿತು. ದಿನವಿಡೀ ನನ್ನದೇ ಆದಾಗ ಒಂದು ಪತ್ರ ಬರೆಯಲು ಮೂರು ದಿನ ಹಿಡಿಯತೊಡಗಿತು. ಕೆಲಸವು ಇರುವ ಸಮಯವನ್ನೆಲ್ಲ ತುಂಬುವಂತೆ ಹಿಗ್ಗುತ್ತದೆಂದು ಪಾರ್ಕಿನ್ಸನ್ ಎಂಬ ಆಂಗ್ಲ ಲೇಖಕರು 1955ರಲ್ಲೇ ವಿನೋದವಾಗಿ ಬರೆದರು. ನನ್ನ ಮನೆಯ ಜಗುಲಿಯಲ್ಲಿ ಅದು ವಿನೋದವಾಗಿ ಉಳಿಯಲಿಲ್ಲ. ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳಲು ತೊಡಗಿದ ಮೇಲೆಯೇ ನನ್ನ ದಿನಕ್ಕೆ ಮರಳಿ ಆಕಾರ ಬಂದಿತು. ಆರಕ್ಕೆ ಬಾಗಿಲ ಬಳಿ ಚಪ್ಪಲಿಗಳ ಸದ್ದಾಗುವುದೆಂಬ ಅರಿವು ಯಾವ ಸಂಕಲ್ಪಕ್ಕಿಂತಲೂ ಹೆಚ್ಚಾಗಿ ನನ್ನನ್ನು ಎಬ್ಬಿಸುತ್ತದೆ.

ಸಂಘದ ಬಂಧುಗಳು ಮನ್ನಿಸುವುದಾದರೆ ನಮ್ಮ ಸಭೆಗಳ ಬಗೆಗೂ ಒಂದು ಮಾತು. ಹತ್ತು ಗಂಟೆಯೆಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ದೀಪ ಬೆಳಗುವುದು ಹನ್ನೊಂದಕ್ಕೆ. 200 ಜನ ಒಂದು ಗಂಟೆ ಕಾದರೆ 200 ಗಂಟೆ, ಅಂದರೆ ಎಂಟು ಗಂಟೆ ದುಡಿಯುವ ಒಬ್ಬನ 25 ದಿನಗಳ ದುಡಿಮೆ. ವೇಳೆಗೆ ಸರಿಯಾಗಿ ಬಂದವರಿಗೇ ಈ ದಂಡ. ಈ ಸಮ್ಮೇಳನದಿಂದಲಾದರೂ ಅತಿಥಿಗಳಿಗಾಗಿ ಕಾಯದೆ, ಬಂದು ಕುಳಿತವರ ಗೌರವಕ್ಕಾಗಿ ಆರಂಭಿಸೋಣವೆ?

ಹಾಗೆ ಉಳಿದ ಹೊತ್ತನ್ನು ಏನು ಮಾಡುವುದು? ಮಕ್ಕಳಿಗೆ ಮರಾಠಿ, ಇಂಗ್ಲಿಷ್, ಗಣಿತಗಳ ನಡುವೆ ಕನ್ನಡಕ್ಕೆ ಪುರುಸೊತ್ತಿಲ್ಲವೆಂದು ಪಾಲಕರು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅನ್ನದ ಭಾಷೆಗಳನ್ನು ಕಲಿಯಲೇಬೇಕು. ಆದರೆ ದಿನಕ್ಕೆ ಒಂದು ಗಳಿಗೆಯಂತೆ ವರ್ಷಕ್ಕೆ 146 ಗಂಟೆಗಳಾಗುತ್ತವೆ. ಒಂದು ಮಗುವಿಗೆ ಕನ್ನಡ ಓದಲು, ಬರೆಯಲು ಕಲಿಸುವುದಕ್ಕೆ ಅಷ್ಟು ಸಾಕೆಂದು ನನ್ನ ಅನುಭವ ಹೇಳುತ್ತದೆ. ಆ ಗಳಿಗೆಯನ್ನು ಕೊಡಬೇಕಾದವರು ಮಕ್ಕಳಲ್ಲ. ಹೊತ್ತು ಹೋಗುವುದಿಲ್ಲವೆಂದು ಗೊಣಗುವ ನಮ್ಮಂಥ ಅಜ್ಜ ಅಜ್ಜಿಯರು.

ಬೇವಿನ ಮರದ ಕೆಳಗೆ ಕುಳಿತಿದ್ದ ಆ ತಾಯಿಗೆ ನಾನು ಒಂದು ದಿನದ ಸಾಲಗಾರ. ಆಕೆಯನ್ನು ಮತ್ತೆ ಕಾಣಲಿಲ್ಲ. ಸಂಜೆ ಆರಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕೂಲಿಕಾರರ ಮನೆಯವರು. ಆ ಸಾಲವನ್ನು ಅವರಿಗೆ ದಿನಕ್ಕೆ ಒಂದು ಗಳಿಗೆಯಂತೆ ತೀರಿಸುತ್ತಿದ್ದೇನೆ.