ಹೊಗೆಯ ಲೆಕ್ಕ, ಬಾವಿಯ ಲೆಕ್ಕ

ಉತ್ತರ ಸಮುದ್ರದಲ್ಲಿ ಯೋಹಾನ್ ಸ್ವೆರ್ದ್ರುಪ್ ಎಂಬ ನಾರ್ವೆಯ ತೈಲಕ್ಷೇತ್ರವಿದೆ. ಅಲ್ಲಿ ಎಣ್ಣೆ ಎತ್ತಲು ಶುರುವಾದದ್ದು 2019ರಲ್ಲಿ. ಇಂಥ ಕಡೆ ಯಂತ್ರಗಳನ್ನು ನಡೆಸಲು ಸಾಮಾನ್ಯವಾಗಿ ಅಲ್ಲೇ ಸಿಗುವ ಅನಿಲವನ್ನು ಉರಿಸುತ್ತಾರೆ. ಇಲ್ಲಿ ಹಾಗಲ್ಲ. ಕಡಲ ತಳದಲ್ಲಿ ಕೇಬಲ್ ಎಳೆದು ದಡದ ಜಲವಿದ್ಯುತ್ತನ್ನೇ ತಂದಿದ್ದಾರೆ. ಹಾಗಾಗಿ ಒಂದು ಬ್ಯಾರಲ್ ಎಣ್ಣೆ ಎತ್ತುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಒಂದು ಕಿಲೋಗಿಂತ ಕಡಿಮೆ ಎಂದು ಅದನ್ನು ನಡೆಸುವ ಕಂಪನಿ ಹೇಳಿಕೊಳ್ಳುತ್ತದೆ. ಅದೇ ಬ್ಯಾರಲ್ ಇನ್ಯಾವುದೋ ದೇಶದ ಲಾರಿಯಲ್ಲೋ ವಿಮಾನದಲ್ಲೋ ಉರಿದಾಗ ಏಳುವುದು 400 ಕಿಲೋಗೂ ಹೆಚ್ಚು.

ಆ 400 ಕಿಲೋ ನಾರ್ವೆಯ ಖಾತೆಗೆ ಬರುವುದಿಲ್ಲ. ಹೊಗೆ ಎದ್ದ ದೇಶಕ್ಕೇ ಅದರ ಲೆಕ್ಕ ಎಂಬುದು ವಿಶ್ವಸಂಸ್ಥೆಯ ಪದ್ಧತಿ. ಹೀಗಾಗಿ 2024ರಲ್ಲಿ ಕೊಂಡ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ ಕಾರುಗಳೇ ಆಗಿದ್ದ ನಾಡು, ಅದೇ ವರ್ಷದ ಜನವರಿಯಲ್ಲಿ ಎಣ್ಣೆ-ಅನಿಲಕ್ಕಾಗಿ 62 ಹೊಸ ಪರವಾನಗಿಗಳನ್ನು ಹಂಚಿತು. ಇದರಲ್ಲಿ ಕಳ್ಳಲೆಕ್ಕವೇನೂ ಇಲ್ಲ. ನಿಯಮವೇ ಹಾಗಿದೆ, ದೋಷವಿರುವುದೂ ಅಲ್ಲೇ.

ಹವಾಮಾನದ ಮಾತು ಬಂದಾಗ ಜಗಳ ಹತ್ತುವುದು ಮಾತ್ರ ಬೆಳವಣಿಗೆಯ ಮೇಲೆ. ಆರ್ಥಿಕತೆ ಹಿಗ್ಗುವುದೇ ರೋಗ ಎನ್ನುವವರು ಒಂದು ಕಡೆ. ಬೆಳೆಯುತ್ತಲೇ ಹೊಗೆ ಇಳಿಸಬಹುದು, ಬ್ರಿಟನ್ ನೋಡಿ ಎನ್ನುವವರು ಇನ್ನೊಂದು ಕಡೆ. ಬ್ರಿಟನ್ನಿನ ಹೊಗೆ 1990ರದಕ್ಕೆ ಹೋಲಿಸಿದರೆ ಅರ್ಧಕ್ಕಿಳಿದಿದೆ, ಅದರ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅಲ್ಲಿ ಬಿಕರಿಯಾಗುವ ಸಾಮಾನು ಚೀನಾದಲ್ಲಿ ತಯಾರಾಗುತ್ತದೆಂಬ ಆಕ್ಷೇಪವೂ ಸುಳ್ಳಲ್ಲ. ಆದರೆ 2020ರಲ್ಲಿ ಕೋವಿಡ್‌ನಿಂದ ಅಂಗಡಿ, ರಸ್ತೆ, ವಿಮಾನ ಎಲ್ಲ ನಿಂತಾಗಲೂ ಜಗತ್ತಿನ ಇಂಗಾಲ ಇಳಿದದ್ದು ನೂರಕ್ಕೆ ಐದರಷ್ಟು, ಮರುವರ್ಷವೇ ಮತ್ತೆ ಏರಿತು. ಆರ್ಥಿಕತೆ ಕುಗ್ಗಿದರೂ ಉರಿಯುವ ಇಂಧನ ಅದೇ ಆಗಿದ್ದರೆ ಫಲ ಇಷ್ಟೇ.

ಎರಡೂ ಪಕ್ಷಗಳ ಕಣ್ಣು ಕೊಳ್ಳುವವನ ಮೇಲೆ. ಮಾರುವವನನ್ನು ಕೇಳುವವರು ಕಡಿಮೆ. ಕೊಳ್ಳುವವರಲ್ಲಿ ಕೆಲವರು ಎಣ್ಣೆ ಬಿಟ್ಟರೆ ದರ ಬೀಳುತ್ತದೆ, ಅಗ್ಗವಾದ ಎಣ್ಣೆಗೆ ಬೇರೆಯವರು ಕೈಚಾಚುತ್ತಾರೆ. ನಾಳೆ ಬೇಡಿಕೆ ಇರದೆಂಬ ಭಯಕ್ಕೆ ಬಾವಿಯ ಒಡೆಯರು ಇಂದೇ ಬೇಗ ಬೇಗ ಎತ್ತಬಹುದು ಎಂದು ಜರ್ಮನಿಯ ಅರ್ಥಶಾಸ್ತ್ರಜ್ಞ ಹಾನ್ಸ್-ವರ್ನರ್ ಸಿನ್ ಎಚ್ಚರಿಸಿದ್ದುಂಟು.

"ನಾವು ಎತ್ತದಿದ್ದರೆ ಇನ್ನೊಬ್ಬರು ಎತ್ತುತ್ತಾರೆ" ಎಂಬುದು ಮಾರುವವರ ಹಳೆಯ ಸಮಜಾಯಿಷಿ. ಅದು ಅರ್ಧ ನಿಜ. ಎತ್ತದೆ ಬಿಟ್ಟ ಎಣ್ಣೆಯ ಒಂದಿಷ್ಟು ಪಾಲನ್ನು ಬೇರೆಯವರು ತುಂಬುತ್ತಾರೆ; ಆದರೆ ಪೂರೈಕೆ ಬಿಗಿಯಾಗಿ ದರ ಏರಿದಷ್ಟಕ್ಕೆ ಬಳಕೆಯೂ ತಗ್ಗುತ್ತದೆ. ಡೆನ್ಮಾರ್ಕ್ 2020ರಲ್ಲಿ ಹೊಸ ಪರವಾನಗಿ ನಿಲ್ಲಿಸಿ, 2050ಕ್ಕೆ ಎಣ್ಣೆ ಎತ್ತುವುದಕ್ಕೇ ಕೊನೆ ಹಾಡುವುದಾಗಿ ನಿರ್ಧರಿಸಿತು. ಅದಕ್ಕೆ ಕೈಯಲ್ಲಿ ಕಾಸಿತ್ತು. ಬಡ ಎಕ್ವಡಾರ್, ಯಸುನಿ ಕಾಡಿನಡಿಯ ಎಣ್ಣೆ ಮುಟ್ಟುವುದಿಲ್ಲ, ಬದಲಿಗೆ 360 ಕೋಟಿ ಡಾಲರ್ ಕೊಡಿ ಎಂದು 2007ರಲ್ಲಿ ಜಗತ್ತನ್ನು ಕೇಳಿತ್ತು. ಬಂದದ್ದು ಪುಡಿಗಾಸು. 2013ರಲ್ಲಿ ಯೋಜನೆ ಬಿದ್ದುಹೋಯಿತು, ಮುಂದೆ ಕೊರೆತವೂ ಶುರುವಾಯಿತು. ಅದನ್ನು ನಿಲ್ಲಿಸಿ ಎಂದು ಅಲ್ಲಿನ ಮತದಾರರೇ 2023ರಲ್ಲಿ ಹೇಳಬೇಕಾಯಿತು.

ಹಾಗೆಂದು ಎಲ್ಲರೂ ಒಟ್ಟಿಗೇ ಬಾಗಿಲು ಹಾಕಿ ಎನ್ನಲಾಗದು. ಕಲ್ಲಿದ್ದಲಿನ ಮಾತಿಗೆ ನಮ್ಮ ಕರ್ನಾಟಕವನ್ನೇ ನೋಡಿ, ಇಲ್ಲಿ ಅದರ ಗಣಿಯಿಲ್ಲ. ಹೊರರಾಜ್ಯದ ಗಣಿಗಳಿಂದ ರೈಲಿನ ರೇಕು ಬಾರದಿದ್ದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಘಟಕಗಳು ನಿಲ್ಲುತ್ತವೆ. ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕು ಕತ್ತಲಾದ ಮೇಲೆ ಒದಗದು. ಭಾರತೀಯರ ತಲಾ ಹೊಗೆ ಇಂದಿಗೂ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ.

2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವುದು' ಎಂಬುದನ್ನು ಭಾರತ 'ತಗ್ಗಿಸುವುದು' ಎಂದು ಬದಲಾಯಿಸಿದಾಗ ಬೈಗುಳ ಬಿತ್ತು. ಮರುವರ್ಷ ಈಜಿಪ್ಟಿನಲ್ಲಿ ಅದೇ ಭಾರತ, ಕಲ್ಲಿದ್ದಲೊಂದೇ ಏಕೆ, ಎಣ್ಣೆ-ಅನಿಲವನ್ನೂ ಸೇರಿಸಿ ಎಂದಿತು. ಅಂತಿಮ ಒಪ್ಪಂದದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 2023ರಲ್ಲಿ ದುಬೈ ಸಮ್ಮೇಳನ ಮೂರರಿಂದಲೂ ದೂರ ಸರಿಯಬೇಕೆಂದು ಕೊನೆಗೂ ಬರೆಯಿತು. ಯಾರು ಮೊದಲು ಬಾವಿ ಮುಚ್ಚಬೇಕು, ಯಾರ ಖರ್ಚಿನಲ್ಲಿ ಎಂಬುದನ್ನು ಬರೆಯಲಿಲ್ಲ.