ತಪ್ಪಿದ ರೈಲು

2019ರ ಜುಲೈ 26ರ ರಾತ್ರಿ ಅಮ್ಮನ ಜೊತೆ ಕೊಲ್ಹಾಪುರಕ್ಕೆ ಹೊರಟಿದ್ದೆ. ಅಮ್ಮ ಸೀರೆ ಆರಿಸುತ್ತ ಕೂತಳು. ಆ ಮಳೆಗೆ ವಾಗ್ಳೆ ಎಸ್ಟೇಟಿನಲ್ಲಿ ಆಟೋ ಸಿಗಲಿಲ್ಲ. ಕಲ್ಯಾಣದಲ್ಲಿ ಹಿಡಿಯಬೇಕಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ತಪ್ಪಿತು. ಸಿಟ್ಟೆಲ್ಲ ಸೀರೆಯ ಮೇಲೆ ತೀರಿಸಿದೆ. ಅಮ್ಮ ಉಣ್ಣದೆ ಮಲಗಿದಳು.

ಬೆಳಿಗ್ಗೆ ಟಿವಿಯಲ್ಲಿ ಅದೇ ರೈಲು! ಬದಲಾಪುರ, ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಕೊಂಡಿತ್ತು, ಒಳಗೆ ಸುಮಾರು 1,050 ಜನ.

‘ದೇವರು ದೊಡ್ಡವನು’ ಎಂದೆ.

‘ಒಳಗಿದ್ದವರಿಗೆ ಸಣ್ಣವನೇನೋ?’ ಅಂದಳು ಅಮ್ಮ.

ಪಾರಾದ ಖುಷಿಯನ್ನು ಕೃತಜ್ಞತೆ ಎನ್ನಲು ಈಗಲೂ ನಾಚಿಕೆ. ರೈಲು ಸುಖವಾಗಿ ತಲುಪಿದ್ದರೆ ನನ್ನ ಸಿಟ್ಟು ನ್ಯಾಯವಾಗುತ್ತಿತ್ತೇ? ಉಪವಾಸ ಮಲಗಿದ ಅಮ್ಮ ಆಗಲೂ ಪಕ್ಕದಲ್ಲೇ ಇರುತ್ತಿದ್ದಳಲ್ಲ.

ಎನ್‌ಡಿಆರ್‌ಎಫ್ ದೋಣಿಗಳು ಬಂದವು, ಸುತ್ತಲಿನ ಹಳ್ಳಿಯವರೂ ನೆರವಾದರು. ಮಧ್ಯಾಹ್ನ ಎಲ್ಲರೂ ದಡ ಸೇರಿದರೆಂದು ಗೊತ್ತಾದ ಮೇಲೆ ಅಮ್ಮ ಪ್ರಯಾಣದ ಬುತ್ತಿ ಬಿಚ್ಚಿದಳು. ಚಪಾತಿ ಗಟ್ಟಿಯಾಗಿತ್ತು. ಇಬ್ಬರೂ ತಿಂದೆವು.